ಬೇಲಿಯ ಹೊರಗಿನ ಓಟ

ಅಟ್ಲಾಂಟಾದ ನಮ್ಮ ಕಾಲೇಜಿನ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗೆ ಒಂದು ಉದ್ದನೆಯ ಕೋಣೆಯಿದೆ. ಓಡಿ ಬಂದವರು ಅಲ್ಲಿ ಕಾಲು ಚಾಚಿ ಮಲಗುತ್ತಾರೆ. ಫಿಸಿಯೋಥೆರಪಿ ಕಲಿಯಬೇಕೆಂದು ಸೇರಿರುವ ನನ್ನಂಥವರು ಅವರ ಮಂಡಿಗೆ ಐಸ್ ಕಟ್ಟುವುದು, ಹಿಮ್ಮಡಿಗೆ ಪಟ್ಟಿ ಸುತ್ತುವುದು ಮುಂತಾದ ಸಣ್ಣಪುಟ್ಟ ಕೆಲಸ ಮಾಡುತ್ತೇವೆ. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಒಬ್ಬಳು ತನ್ನ ಚೀಲದಿಂದ ಪುಟ್ಟ ಸೀಸೆ ತೆಗೆದು ಮುಚ್ಚಳ ಬಿಚ್ಚಿದಳು. ನೀಲಗಿರಿ ಎಣ್ಣೆ. ಮೂಗಿಗೆ ಅದು ಬಡಿದದ್ದೇ ತಡ, ನಾನು ಕೈಯಲ್ಲಿದ್ದ ಪಟ್ಟಿಯನ್ನು ಹಾಗೇ ಹಿಡಿದುಕೊಂಡು ನಿಂತುಬಿಟ್ಟೆ. ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿದ್ದ ನಮ್ಮ ಹಳೆಯ ಮನೆ ಕಣ್ಣ ಮುಂದೆ ಬಂತು. ಅಕ್ಕಪಕ್ಕದ ಎರಡು ಗರಾಜುಗಳ ಬಾಗಿಲು ಮೇಲೆತ್ತಿದೆ. ಒಂದರಲ್ಲಿ ನನ್ನ ಅಜ್ಜಿ, ಇನ್ನೊಂದರಲ್ಲಿ ಮಿಸ್ ಆರ್ಡೆಲ್ಲಾ, ಇಬ್ಬರೂ ತಂತಮ್ಮ ಕುರ್ಚಿಯಲ್ಲಿ ಕುಳಿತು ತಂತಮ್ಮ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾರೆ. ನನ್ನ ಕಣ್ಣಲ್ಲಿ ನೀರು ಬಂತು. ಎಣ್ಣೆಯ ಘಾಟು ಎಂದೆ. ಪುಣ್ಯಕ್ಕೆ ಯಾರೂ ಮುಂದಕ್ಕೆ ಕೇಳಲಿಲ್ಲ.

ಎರಡು ಸಾವಿರದ ಇಪ್ಪತ್ತನೆಯ ಇಸವಿ ಅದು. ಆ ವರ್ಷ ನಿಮ್ಮ ಮನೆಯಲ್ಲೂ ಹೇಗಿತ್ತೆಂದು ನಾನು ಹೇಳಬೇಕಾಗಿಲ್ಲ. ನನಗೆ ಹನ್ನೆರಡು ವರ್ಷ. ಮೈಸೂರು ಬಿಟ್ಟು ಬಂದು ಸ್ವಲ್ಪ ಕಾಲವಷ್ಟೇ ಆಗಿತ್ತು. ಅಪ್ಪ ಊಟದ ಮೇಜನ್ನು ಆಫೀಸು ಮಾಡಿಕೊಂಡಿದ್ದರು, ಅಮ್ಮ ಮಲಗುವ ಕೋಣೆಯನ್ನು. ಮಾತಾಡಿದರೆ ಒಬ್ಬರ ಮೀಟಿಂಗಿಗೆ ಇನ್ನೊಬ್ಬರ ಧ್ವನಿ ಹೋಗುತ್ತದೆಂದು ಮನೆಯಿಡೀ ಸನ್ನೆಯಲ್ಲಿ ನಡೆಯುತ್ತಿತ್ತು. ಆ ಮನೆಯೊಳಗೆ ಸಿಕ್ಕಿಹಾಕಿಕೊಂಡವರು ಅಮ್ಮನ ಅಮ್ಮ, ನನ್ನ ಅಜ್ಜಿ. ಬೇಸಿಗೆ ಮುಗಿಯುವುದರೊಳಗೆ ವಾಪಸು ಹೋಗುತ್ತೇನೆಂದು ಬಂದವರಿಗೆ ವಿಮಾನವೇ ಇಲ್ಲವಾಯಿತು. ಅಜ್ಜಿಗೆ ಪಿಸುಮಾತು ಬರುತ್ತಿರಲಿಲ್ಲ. ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಜೀವಮಾನವಿಡೀ ಡ್ರಿಲ್ ಟೀಚರಾಗಿದ್ದವರು; ಮೈದಾನದ ಆ ತುದಿಗೆ ಕೇಳಿಸಬೇಕಾದ ಧ್ವನಿಯಲ್ಲೇ "ಪುಟ್ಟಿ, ಉಪ್ಪು ಕೊಡೆ" ಎನ್ನುತ್ತಿದ್ದರು. ಒಂದು ದಿನ ಅಪ್ಪನ ಮೀಟಿಂಗಿನಲ್ಲಿ ಯಾರೋ, ನಿಮ್ಮ ಮನೆಯಲ್ಲಿ ಜಗಳವೇನಾದರೂ ನಡೆಯುತ್ತಿದೆಯೇ ಎಂದು ಮೆಲ್ಲಗೆ ವಿಚಾರಿಸಿದರಂತೆ. ಅಂದಿನಿಂದ ಅಜ್ಜಿಯ ಕುರ್ಚಿ ಗರಾಜಿಗೆ ಹೋಯಿತು. ಸೀರೆಯ ಮೇಲೆ ಅಪ್ಪನ ಜಾಕೆಟ್ಟು, ಕಾಲಿಗೆ ಸಾಕ್ಸು, ಅದರ ಮೇಲೆ ಚಪ್ಪಲಿ. ಅಲ್ಲೇ ನನಗೆ ಬೆಳಿಗ್ಗೆ ಕನ್ನಡ ಕಾಪಿ ಬರೆಸುತ್ತಿದ್ದರು. ಇಷ್ಟು ವರ್ಷದ ಮೇಲೂ ಒತ್ತಕ್ಷರ ತಪ್ಪದೆ ಬರೆಯುತ್ತೇನೆಂದರೆ ಅದು ಆ ಗರಾಜಿನ ಉಪಕಾರ.

ಪಕ್ಕದ ಮನೆಯ ಮಿಸ್ ಆರ್ಡೆಲ್ಲಾ ಅವರಿಗೆ ಎಂಬತ್ತು ದಾಟಿತ್ತು. ಒಬ್ಬರೇ ಇದ್ದರು. ಉದ್ದನೆಯ, ಎಲುಬು ಕಾಣುವ, ಕಡುಕಪ್ಪು ಮೈ. ತಲೆಯಲ್ಲಿ ಒತ್ತಾಗಿ ಕತ್ತರಿಸಿದ ಬೆಳ್ಳಿ ಕೂದಲು. ವಾಷಿಂಗ್ಟನ್ನಿನ ಶಾಲೆಗಳಲ್ಲಿ ಕಲಿಸಿ ನಿವೃತ್ತರಾದವರೆಂದು ಮಾತ್ರ ನಮಗೆ ಗೊತ್ತಿತ್ತು. ಅವರೂ ಗರಾಜಿನ ಬಾಗಿಲು ಎತ್ತಿಕೊಂಡು ಕೂರುತ್ತಿದ್ದರು. ನಡುವೆ ಒಂದು ಹುಲ್ಲಿನ ಪಟ್ಟಿ. ಇಬ್ಬರೂ ಮೊದಮೊದಲು ತಲೆ ಆಡಿಸುವುದಷ್ಟೇ ಮಾಡುತ್ತಿದ್ದರು. ಒಂದು ಮಧ್ಯಾಹ್ನ ಮಿಸ್ ಆರ್ಡೆಲ್ಲಾ ಕುರ್ಚಿಯಿಂದ ಎದ್ದದ್ದನ್ನು ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದರು. ಕೈ ಊರದೆ, ಒಂದು ಪಾದ ಹಿಂದಿಟ್ಟು, ಬೆನ್ನು ನೆಟ್ಟಗೆ ಹಿಡಿದು ಎದ್ದಿದ್ದರು. "ಇವ್ರು ಓಡ್ದವ್ರು ಕಣೆ" ಎಂದರು ಅಜ್ಜಿ. ನಾನು ನಕ್ಕೆ. ಅಜ್ಜಿಗೆ ತಮ್ಮ ಮಾತನ್ನು ಯಾರಾದರೂ ನಂಬದಿದ್ದರೆ ತಡೆಯುತ್ತಿರಲಿಲ್ಲ. ಎದ್ದು ನಿಂತು, ಕೈ ಮೇಲೆತ್ತಿ, ಇಡೀ ಬೀದಿಗೆ ಕೇಳುವಂತೆ "ಆನ್ ಯುವರ್ ಮಾರ್ಕ್ಸ್!" ಎಂದು ಕೂಗಿಬಿಟ್ಟರು. ನಾನು ನಾಚಿಕೆಯಿಂದ ಕಾರಿನ ಹಿಂದೆ ಅವಿತುಕೊಳ್ಳುವ ಹೊತ್ತಿಗೆ ಆಚೆಯ ಗರಾಜಿನಲ್ಲಿ ಒಂದು ಆಶ್ಚರ್ಯ ನಡೆದಿತ್ತು. ಮಿಸ್ ಆರ್ಡೆಲ್ಲಾ ಅವರ ಭುಜ ತಾನಾಗಿ ಮುಂದಕ್ಕೆ ಬಾಗಿ, ಬೆರಳುಗಳು ಬಿಗಿದು, ಕಣ್ಣು ದೂರದ ಒಂದು ಬಿಂದುವಿನಲ್ಲಿ ನೆಟ್ಟಿತ್ತು. ಒಂದು ಕ್ಷಣ ಅಷ್ಟೇ. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಅಜ್ಜಿ ಅವರನ್ನು ಆರ್ಡೆಲ್ಲಮ್ಮ ಎಂದರು, ಅವರು ಅಜ್ಜಿಯನ್ನು ಟೀಚರ್ ಎಂದರು.

ಹುಲ್ಲಿನ ಪಟ್ಟಿಯ ನಡುವೆ ಒಂದು ಸ್ಟೂಲು ಇಟ್ಟೆವು. ಅಜ್ಜಿಯ ಫಿಲ್ಟರ್ ಕಾಫಿ ಸ್ಟೀಲ್ ಲೋಟದಲ್ಲಿ ಅಲ್ಲಿಗೆ ಹೋಗುತ್ತಿತ್ತು, ಆಚೆಯಿಂದ ಪೀಚ್ ಹಣ್ಣು ಬರುತ್ತಿತ್ತು. ನಾನು ಇಬ್ಬರ ನಡುವಿನ ದುಭಾಷಿ. ಅಜ್ಜಿಯ ಇಂಗ್ಲಿಷಿನಲ್ಲಿ ಆಜ್ಞೆಗಳು ಹೆಚ್ಚು, ವಾಕ್ಯಗಳು ಕಡಿಮೆ. ಹಾಗಾಗಿ ಆರ್ಡೆಲ್ಲಮ್ಮನ ಕಥೆ ನನ್ನ ಬಾಯಿಂದಲೇ ಕನ್ನಡಕ್ಕೆ ಬಂತು.

ಅವರು ಹುಟ್ಟಿದ್ದು ನಾರ್ತ್ ಕೆರೊಲಿನಾದ ಹೊಗೆಸೊಪ್ಪು ಬೆಳೆಯುವ ಒಂದು ಸಣ್ಣ ಊರಿನಲ್ಲಿ. ಊರಿಗೆ ಇದ್ದದ್ದು ಒಂದೇ ಓಟದ ಮೈದಾನ, ಬಿಳಿಯರ ಶಾಲೆಯದು. ಅದರ ಸುತ್ತ ತಂತಿಯ ಬೇಲಿ. ಕಪ್ಪು ಮಕ್ಕಳು ಬೇಲಿಯ ಹೊರಗೆ ನಿಂತು ನೋಡಬಹುದಿತ್ತು, ಒಳಗೆ ಕಾಲಿಡುವಂತಿರಲಿಲ್ಲ. ಒಳಗೆ ಹುಡುಗರ ಸ್ಪರ್ಧೆಗೆ ಪಿಸ್ತೂಲು ಹಾರುವುದನ್ನೇ ಕಾದು, ಹದಿನಾಲ್ಕರ ಈ ಹುಡುಗಿ ಹೊರಗೆ ಓಡಲು ಶುರು ಮಾಡುತ್ತಿದ್ದಳು. ಬರಿಗಾಲು. ಕಳೆ, ಕಲ್ಲು, ಒಂದು ಕಡೆ ಚರಂಡಿ. ಹೊರಗಿನ ಸುತ್ತು ಒಳಗಿನದಕ್ಕಿಂತ ಉದ್ದ ಎಂಬುದನ್ನು ಆರ್ಡೆಲ್ಲಮ್ಮ ಹೇಳಲಿಲ್ಲ, ಅಜ್ಜಿಯೇ ಗಾಳಿಯಲ್ಲಿ ಬೆರಳಿನಿಂದ ಸುತ್ತು ಬರೆದು ನನಗೆ ತೋರಿಸಿದರು. ಆದರೂ ಅವಳೇ ಮೊದಲು ಮುಟ್ಟುತ್ತಿದ್ದಳು. ಚಪ್ಪಾಳೆ ತಟ್ಟಲು ಅವಳ ಅಣ್ಣನೊಬ್ಬನೇ. ಒಂದು ಸಲ ಒಳಗಿನ ಕೋಚು ತನ್ನ ಕೈಯಲ್ಲಿದ್ದ ಗಡಿಯಾರ ನೋಡಿದನಂತೆ, ಬೇಲಿಯಾಚೆ ಏದುಸಿರು ಬಿಡುತ್ತಿದ್ದ ಇವಳನ್ನು ನೋಡಿದನಂತೆ, ಮತ್ತೆ ಗಡಿಯಾರ ನೋಡಿದನಂತೆ. ಆಮೇಲೆ ಅದನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದನಂತೆ. ಈ ಮಾತನ್ನು ಕನ್ನಡದಲ್ಲಿ ಹೇಳಿ ಮುಗಿಸಿದಾಗ ಅಜ್ಜಿ ಕೈಯಲ್ಲಿದ್ದ ಲೋಟವನ್ನು ಸ್ಟೂಲಿನ ಮೇಲೆ ಇಟ್ಟುಬಿಟ್ಟರು. ಕಾಫಿ ಆರಿಹೋಯಿತು.

ಮುಂದೆ ಅವರು ಕಪ್ಪು ಜನರ ಕಾಲೇಜೊಂದಕ್ಕೆ ಹೋಗಿ ದೇಶದ ದೊಡ್ಡ ದೊಡ್ಡ ಪಂದ್ಯಗಳಲ್ಲಿ ಓಡಿದರು, ಗೆದ್ದರು. ಗೆದ್ದ ಊರಿನಲ್ಲಿ ಮಲಗಲು ಹೋಟೆಲು ಕೊಡುತ್ತಿರಲಿಲ್ಲ. ಬಟ್ಟೆ ಬದಲಿಸುವ ಕೋಣೆಗೆ ಬಿಡುತ್ತಿರಲಿಲ್ಲ. ಬಸ್ಸಿನ ಕಿಟಕಿಗಳಿಗೆ ಟವೆಲ್ಲು ಕಟ್ಟಿ ಅಲ್ಲೇ ಬದಲಿಸಿಕೊಳ್ಳುತ್ತಿದ್ದರು. ಟೀಚರಾದ ಮೇಲೆ ಹುಡುಗಿಯರಿಗೆ ಜಿಮ್ ಸಿಗುವುದು ಹುಡುಗರೆಲ್ಲ ಆಡಿ ಮುಗಿದ ಮೇಲೆ ಎಂದಾಗ, ದಿನವೂ ತಮ್ಮ ತಂಡವನ್ನು ಪ್ರಿನ್ಸಿಪಾಲರ ಕೋಣೆಯ ಬಾಗಿಲಿಗೆ ಕರೆದೊಯ್ದು ಅಲ್ಲೇ ಹಗ್ಗ ಜಿಗಿಸಿದರಂತೆ. ದಡದಡ ಸದ್ದಿಗೆ ಪ್ರಿನ್ಸಿಪಾಲರಿಗೆ ಫೋನೂ ಕೇಳಿಸದಂತಾಗಿ ಕೊನೆಗೆ ಜಿಮ್ಮಿನ ಬೀಗದ ಕೈ ಬಂತು. ಇದನ್ನು ಕೇಳಿ ಅಜ್ಜಿ ತೊಡೆ ತಟ್ಟಿಕೊಂಡು "ಭೇಷ್!" ಎಂದರು. ಎಲ್ಲದಕ್ಕೂ ಅವರಿಬ್ಬರು ಒಪ್ಪುತ್ತಿದ್ದರೆಂದಲ್ಲ. ಆ ಬೇಸಿಗೆ ಟಿವಿಯಲ್ಲಿ ಆಟಗಾರರು ಕಪ್ಪು ಜನರ ಮೇಲಿನ ದೌರ್ಜನ್ಯವನ್ನು ಪ್ರತಿಭಟಿಸಿ ರಾಷ್ಟ್ರಗೀತೆಗೆ ಮಂಡಿಯೂರಿದ್ದನ್ನು ಕಂಡು ಅಜ್ಜಿ ಕೆಂಡಾಮಂಡಲವಾದರು. ರಾಷ್ಟ್ರಗೀತೆಗೆ ಅಟೆನ್ಷನ್ನಿನಲ್ಲಿ ನಿಲ್ಲದವರನ್ನು ಅವರು ಜೀವಮಾನದಲ್ಲಿ ಬಿಟ್ಟವರಲ್ಲ. ಆರ್ಡೆಲ್ಲಮ್ಮ ಶಾಂತವಾಗಿ ಕೇಳಿಸಿಕೊಂಡರು. "ಟೀಚರ್, ಅಟೆನ್ಷನ್ನಲ್ಲಿ ನಾವು ಬಹಳ ವರ್ಷ ನಿಂತ್ವಿ. ಯಾರೂ ನೋಡ್ಲಿಲ್ಲ. ಈ ಮಕ್ಕಳು ಕೂತ ತಕ್ಷಣ ಎಲ್ಲರೂ ನೋಡಿದ್ರು" ಎಂದರು. ಅಜ್ಜಿ ಗೊಣಗಿದರು, ಸೋತೆನೆಂದು ಹೇಳಲಿಲ್ಲ, ಆದರೆ ಮರುದಿನ ಕಾಫಿಗೆ ಒಂದು ಚಮಚ ಸಕ್ಕರೆ ಹೆಚ್ಚಾಗಿತ್ತು.

ಅಕ್ಟೋಬರಿನಲ್ಲಿ ದಸರಾ ಬಂತು. ಗೊಂಬೆ ಕೂರಿಸದೆ ಅಜ್ಜಿ ಒಂದು ವರ್ಷವೂ ಕಳೆದವರಲ್ಲ. ಆದರೆ ಮನೆಯೊಳಗೆ ಯಾರನ್ನೂ ಕರೆಯುವ ಹಾಗಿಲ್ಲ; ನೋಡುವವರಿಲ್ಲದ ಮೇಲೆ ಗೊಂಬೆ ಯಾಕೆ ಎಂದು ಅಮ್ಮ ಕೇಳಿದರು. "ಗರಾಜಲ್ಲಿ ಕೂರಿಸ್ತೀನಿ" ಎಂದರು ಅಜ್ಜಿ. ಅಮ್ಮ ಹೌಹಾರಿದರು. ಚಪ್ಪಲಿ ಬಿಡುವ ಜಾಗ ಅದು, ಮೂಲೆಯಲ್ಲಿ ಕಸದ ಡಬ್ಬಿ ಬೇರೆ. ಅಜ್ಜಿ ಕಸದ ಡಬ್ಬಿಯನ್ನು ಹೊರಗೆ ನೂಕಿಸಿದರು, ನೆಲವನ್ನು ನನ್ನಿಂದ ತೊಳೆಸಿದರು. ಖಾಲಿ ರಟ್ಟಿನ ಪೆಟ್ಟಿಗೆಗಳು ಮೆಟ್ಟಿಲಾದವು, ಅವುಗಳ ಮೇಲೆ ಅಪ್ಪನ ಬಿಳಿ ಪಂಚೆ. ಮೇಲಿನ ಮೆಟ್ಟಿಲಲ್ಲಿ ಅಮ್ಮನ ಮದುವೆಯ ಪಟ್ಟದ ಗೊಂಬೆಗಳು, ಅಂದರೆ ಮರದ ರಾಜ ರಾಣಿ. ಅವರ ಕೆಳಗೆ ಪ್ರಜೆಗಳಾಗಿ ನನ್ನ ಬಾರ್ಬಿಗಳು, ಡೈನೋಸಾರುಗಳು. ಬೀದಿಯ ಮಕ್ಕಳು ಡ್ರೈವ್‌ವೇಯಲ್ಲಿ ದೂರ ದೂರ ನಿಂತು ಬಾಯಿ ಬಿಟ್ಟು ನೋಡಿದರು. ಆರ್ಡೆಲ್ಲಮ್ಮ ತಮ್ಮ ಕುರ್ಚಿಯನ್ನು ಹುಲ್ಲಿನ ಅಂಚಿಗೆ ತಂದು ದಿನವೂ ಸಂಜೆ ಆರತಿಗೆ ಕೂರುತ್ತಿದ್ದರು. ನಾನು ಹಾಡುತ್ತಿದ್ದ ಹಾಡು ಅವರಿಗೆ ತಿಳಿಯುತ್ತಿರಲಿಲ್ಲ, ಆದರೂ ಕಾಲಿನಿಂದ ತಾಳ ಹಾಕುತ್ತಿದ್ದರು.

ಆಯುಧಪೂಜೆಯ ದಿನ ಅಪ್ಪನ ಲ್ಯಾಪ್‌ಟಾಪಿಗೆ ಕುಂಕುಮ, ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣು ಎಲ್ಲ ಮುಗಿದ ಮೇಲೆ ಅಜ್ಜಿ ಆಚೆ ತಿರುಗಿ, ನಿಮಗೆ ಅನ್ನ ಕೊಟ್ಟ ಆಯುಧ ಯಾವುದಿದೆಯೋ ಅದನ್ನು ಕೊಡಿ, ಇವತ್ತು ಅದಕ್ಕೆ ಪೂಜೆ ಎಂದರು. ನಾನು ಅನುವಾದಿಸಿದೆ. ವಿಷಲ್ ಬರಬಹುದೆಂದು ಅಜ್ಜಿಯ ಲೆಕ್ಕ. ಅಜ್ಜಿಯ ವಿಷಲ್ಲು ಆಗಲೇ ತಟ್ಟೆಯಲ್ಲಿತ್ತು. ಆರ್ಡೆಲ್ಲಮ್ಮ ಒಳಗೆ ಹೋಗಿ ಬಂದರು. ಸ್ಟೂಲಿನ ಮೇಲೆ ಅವರು ಇಟ್ಟದ್ದು ಒಂದು ಜೊತೆ ಹಳೆಯ ಓಟದ ಬೂಟು. ಚರ್ಮ ಸುಕ್ಕಾಗಿ ಮರದ ತೊಗಟೆಯಂತಾಗಿತ್ತು, ಅಡಿಯಲ್ಲಿ ತುಕ್ಕು ಹಿಡಿದ ಮುಳ್ಳುಗಳು. ಅಮ್ಮ ಮೆಲ್ಲಗೆ "ಅಮ್ಮಾ, ದೇವ್ರ ಮುಂದೆ ಚಪ್ಪಲೀನಾ? ಬೇಡ, ಏನಾದ್ರೂ ಹೇಳಿ ವಾಪಸ್ ಕೊಡೋಣ" ಎಂದರು. ಅಜ್ಜಿ ಕೈತೋಟದ ನಲ್ಲಿಯಲ್ಲಿ ಕೈ ತೊಳೆದು ಬಂದರು. ಎರಡೂ ಕೈಯಲ್ಲಿ ಬೂಟುಗಳನ್ನು ಎತ್ತಿಕೊಂಡರು. ಎಲ್ಲಿಡುವುದೆಂದು ಒಮ್ಮೆ ನೋಡಿ, ರಾಜ ರಾಣಿಯರನ್ನು ಅತ್ತಿತ್ತ ಸರಿಸಿ, ಅವರಿಬ್ಬರ ನಡುವೆ ಇಟ್ಟು, ತುದಿಗೆ ಅರಿಶಿನ ಕುಂಕುಮ ಹಚ್ಚಿದರು. "ಚಪ್ಪಲಿ ಅಲ್ಲ ಶುಭಾ ಇದು. ಸಾಷ್ಟಾಂಗ ಹಾಕೋ ಅಂಥದ್ದು" ಎಂದು ಅಮ್ಮನಿಗೆ ಹೇಳಿದರು. ಎಂಥ ಹೆಂಗಸು ನನ್ನಜ್ಜಿ ಎಂದು ನಾನು ಮೊದಲ ಸಲ ಅಂದುಕೊಂಡದ್ದು ಆವಾಗ. ಹುಲ್ಲಿನ ಅಂಚಿನಲ್ಲಿ ಆರ್ಡೆಲ್ಲಮ್ಮ ಮಾಸ್ಕನ್ನು ಕಣ್ಣಿನವರೆಗೂ ಎಳೆದುಕೊಂಡಿದ್ದರು.

ಮರುವರ್ಷ ವಸಂತದಲ್ಲಿ, ಎಲ್ಲರಿಗೂ ಲಸಿಕೆಯಾದ ಮೇಲೆ, ಅವರ ಊರಿನಿಂದ ಫೋನು ಬಂತು. ಮಾತಾಡಿದವಳು ನಯೋಮಿ, ಅವರ ಆ ಅಣ್ಣನ ಮರಿಮಗಳು. ಅದೇ ಮೈದಾನಕ್ಕೆ ಆರ್ಡೆಲ್ಲಮ್ಮನ ಹೆಸರಿಡಲು ಊರಿನವರು ತೀರ್ಮಾನಿಸಿದ್ದಾರೆ, ಅವರೇ ಬರಬೇಕು ಎಂದಳು. ಆರ್ಡೆಲ್ಲಮ್ಮ "ಹೆಸರು ಇಟ್ಕೊಳ್ಳಲಿ. ನಾನು ಬರಲ್ಲ" ಎಂದು ಫೋನು ಇಟ್ಟುಬಿಟ್ಟರು. ಅಜ್ಜಿಗೆ ಇದು ಅರ್ಥವೇ ಆಗಲಿಲ್ಲ. ಶಾಲು ಹೊದಿಸುತ್ತಾರೆಂದರೆ ನಮ್ಮವರು ಬಾಡಿಗೆ ವ್ಯಾನು ಮಾಡಿಕೊಂಡು ನೆಂಟರನ್ನೆಲ್ಲ ಕರೆದುಕೊಂಡು ಹೋಗುತ್ತಾರೆ. ಯಾಕೆ ಹೋಗುವುದಿಲ್ಲ ಎಂದು ನನ್ನಿಂದ ಕೇಳಿಸಿದರು. "ಆ ಗೇಟು ತೆರೆಯೋ ಹೊತ್ತಿಗೆ ನನ್ನ ಕಾಲು ಹೋಯ್ತು. ಈಗ ಕುರ್ಚಿ ಹಾಕಿ ಕೂರಿಸಿ ಚಪ್ಪಾಳೆ ತಟ್ಟಿದ್ರೆ ಅವರ ಮನಸ್ಸು ಹಗುರ ಆಗುತ್ತೆ. ಅವರ ಮನಸ್ಸು ಹಗುರ ಮಾಡೋದು ನನ್ನ ಕೆಲಸ ಅಲ್ಲ, ಬೇಬಿ" ಎಂದರು ಆರ್ಡೆಲ್ಲಮ್ಮ. ನನಗಂತೂ ಅವರು ಹೇಳಿದ್ದು ನೂರಕ್ಕೆ ನೂರು ಸರಿ ಎನಿಸಿತು.

ಆದರೆ ನಯೋಮಿ ಬಿಡಲಿಲ್ಲ. ಅವಳು ಶಾಲೆಯ ತಂಡದಲ್ಲಿ ಓಡುತ್ತಿದ್ದಳು, ಅಭ್ಯಾಸವೂ ಸ್ಪರ್ಧೆಯೂ ಅಲ್ಲೇ. ಇನ್ನೊಂದು ಸಲ ಫೋನು ಮಾಡಿದಾಗ ಅವಳು ಹೆಸರಿನ ಮಾತೇ ಎತ್ತಲಿಲ್ಲ. "ನೀವು ನನ್ನ ಓಟ ಒಂದ್ಸಲಾನೂ ನೋಡಿಲ್ಲ. ನಾನು ಓಡೋದು ಅಲ್ಲಿ. ಬೇರೆ ಎಲ್ಲಿ ಅಂತ ತೋರಿಸಲಿ?" ಎಂದಳು. ಆರ್ಡೆಲ್ಲಮ್ಮ ಆ ವಾರವಿಡೀ ಗರಾಜಿನ ಬಾಗಿಲು ಎತ್ತಲಿಲ್ಲ. ನಡಿಗೆ ಆಗಲೇ ಕೋಲಿಗೆ ಬಂದಿತ್ತು. ಇನ್ನು ಒಂದು ಚಳಿಗಾಲ ಕಳೆದರೆ ಅಷ್ಟು ದೂರದ ಪ್ರಯಾಣ ಆಗದ ಮಾತೆಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಕೊನೆಗೆ ಬಂದು ಹುಲ್ಲಿನ ಅಂಚಿನಲ್ಲಿ ನಿಂತು, "ಗೇಟಿನ ತನಕ ಬರ್ತೀನಿ. ಒಳಗೆ ಕಾಲಿಡ್ತೀನೋ ಇಲ್ವೋ ಅಲ್ಲಿ ನೋಡ್ತೀನಿ. ಟೀಚರ್ ಜೊತೆಗಿರಬೇಕು" ಎಂದರು. ಅಜ್ಜಿಯ ವಾಪಸಿನ ಟಿಕೆಟು ಆ ಸಮಾರಂಭದ ಮುಂದಿನ ವಾರಕ್ಕಿತ್ತು. ಅಪ್ಪ ರಜೆ ಹಾಕಿ ಕಾರು ತೆಗೆದರು.

ದಾರಿಗೆಂದು ಅಜ್ಜಿ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡಿದ್ದರು. ಆರ್ಡೆಲ್ಲಮ್ಮನ ತೊಡೆಯ ಮೇಲೆ ಬೂಟಿನ ರಟ್ಟಿನ ಡಬ್ಬಿಯೊಂದಿತ್ತು, ಅದರಲ್ಲಿ ಕೋಳಿ, ಬ್ರೆಡ್ಡು, ಕೇಕು. ವರ್ಜೀನಿಯಾ ದಾಟುವಾಗ ಅಪ್ಪ, ಎಲ್ಲಾದರೂ ನಿಲ್ಲಿಸಿ ತಿನ್ನೋಣವೇ ಎಂದರು. ಇಬ್ಬರೂ ಒಟ್ಟಿಗೇ ಬೇಡವೆಂದರು. "ನಾವು ಹೊರಗಡೆ ತಿನ್ನಲ್ಲ" ಎಂದು ಅಜ್ಜಿ ಹೆಮ್ಮೆಯಿಂದಲೇ ಹೇಳಿದರು. ಆರ್ಡೆಲ್ಲಮ್ಮ ಡಬ್ಬಿಯ ಮುಚ್ಚಳದ ಮೇಲೆ ಕೈಯಾಡಿಸಿದರು. ಈ ರಸ್ತೆಯ ಹೋಟೆಲುಗಳಲ್ಲಿ ತಮ್ಮವರಿಗೆ ಊಟ ಕೊಡುತ್ತಿರಲಿಲ್ಲ, ಅದಕ್ಕೇ ಪ್ರಯಾಣವೆಂದರೆ ಡಬ್ಬಿ, ಈಗಲೂ ಕೈ ತಾನಾಗಿ ಕಟ್ಟುತ್ತದೆ ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಜ್ಜಿ ಕಿಟಕಿಯಾಚೆ ನೋಡುತ್ತ ಕುಳಿತರು. ನಾರ್ತ್ ಕೆರೊಲಿನಾದೊಳಗೆ ಬಂದ ಮೇಲೆ ಹೊಗೆಸೊಪ್ಪಿನ ಹೊಲಗಳು ಶುರುವಾದವು. ಅಗಲ ಎಲೆಗಳು ಕಾರಿನ ಎರಡೂ ಬದಿ ಓಡಿದವು. "ಹುಣಸೂರಿನ ಕಡೆ ಹಿಂಗೇ ಇರುತ್ತೆ" ಎಂದರು ಅಜ್ಜಿ. ಸ್ವಲ್ಪ ಹೊತ್ತಿನ ಮೇಲೆ, ನನ್ನ ಕಡೆ ತಿರುಗದೆ, "ಇದನ್ನ ಅವ್ರಿಗೆ ಹೇಳು" ಎಂದು ಶುರು ಮಾಡಿದರು.

ಹುಣಸೂರಿನ ಕಡೆಯ ಒಂದು ಹುಡುಗಿ, ಊರಾಚೆಯ ಕೇರಿಯವಳು, ಅಜ್ಜಿಯ ಶಾಲೆಯಲ್ಲಿದ್ದಳಂತೆ. ಅಂಥ ಓಟ ಅಜ್ಜಿ ಆಮೇಲೆ ನೋಡಲಿಲ್ಲ. ದಸರಾ ಕ್ರೀಡಾಕೂಟಕ್ಕೆ ಅವಳನ್ನು ಕರೆದುಕೊಂಡು ಹೋಗಿದ್ದರು. ಮೈದಾನದಲ್ಲಿ ಟೀಚರುಗಳು ಇಟ್ಟುಕೊಂಡಿದ್ದ ನೀರಿನ ಹೂಜಿಯನ್ನು ಅವಳು ಮುಟ್ಟಲು ಹೋದಾಗ ಉಳಿದವರು ಕೈ ಅಡ್ಡ ಹಿಡಿದರು. ದೂರ ನಿಂತು ಬೊಗಸೆ ಒಡ್ಡು, ಹೊಯ್ಯುತ್ತೇವೆ ಎಂದರು. "ನಾನು ಅಲ್ಲೇ ಇದ್ದೆ. ಇಷ್ಟು ದೊಡ್ಡ ಗಂಟಲಿದೆಯಲ್ಲ ನಂಗೆ, ಅವತ್ತು ಅದು ಎಲ್ಲೋಗಿತ್ತೋ" ಎಂದರು ಅಜ್ಜಿ. ಅವರ ಧ್ವನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹೇಗೆ ಅನುವಾದಿಸಲೆಂದು ತಡವರಿಸಿದೆ, ಆದರೂ ಒಂದೂ ಬಿಡದೆ ಹೇಳಿದೆ. ಆರ್ಡೆಲ್ಲಮ್ಮ ಸಮಾಧಾನದ ಮಾತೇನೂ ಆಡಲಿಲ್ಲ. "ಅವಳು ಗೆದ್ಲಾ?" ಎಂದು ಕೇಳಿದರು. ಗೆದ್ದಳು ಎಂದರು ಅಜ್ಜಿ. "ಹೆಸರು?" "ಕೆಂಪಮ್ಮ." ಆರ್ಡೆಲ್ಲಮ್ಮ ಆ ಹೆಸರನ್ನು ತಮ್ಮ ಬಾಯಲ್ಲಿ ತಿರುಗಿಸಿ, ತಿದ್ದಿಕೊಂಡು, ಸರಿಯಾಗಿ ಬರುವವರೆಗೂ ಹೇಳಿದರು.

ಮೈದಾನ ಊರಿನ ಅಂಚಿನಲ್ಲಿತ್ತು. ಹಳೆಯ ಕರಿ ಬೂದಿಯ ಟ್ರ್ಯಾಕು ಹೋಗಿ ಕೆಂಪು ರಬ್ಬರಿನದು ಬಂದಿತ್ತು, ಬೇಲಿ ಮಾತ್ರ ಅದೇ. ಗೇಟು ಹಾರು ಹೊಡೆದಿತ್ತು. ಒಳಗೆ ಊರಿನ ಹಿರಿಯರು, ಮೈಕು, ಹೂವು ಹಾಕಿದ ಕುರ್ಚಿ, ಓಟದ ಉಡುಪಿನಲ್ಲಿ ನಿಂತ ಹುಡುಗಿಯರ ಸಾಲು. ಕಪ್ಪು ಹುಡುಗಿಯರು, ಬಿಳಿ ಹುಡುಗಿಯರು, ಎಲ್ಲರೂ ಒಂದೇ ಬಣ್ಣದ ಬನಿಯನ್ನಿನಲ್ಲಿ. ಯಾವಳು ನಯೋಮಿ ಎಂದು ನನಗೆ ಕೂಡಲೇ ತಿಳಿಯಿತು, ಅದೇ ಉದ್ದ ಕಾಲು. ಗೇಟಿನ ಗೆರೆಗೆ ಬಂದು ಆರ್ಡೆಲ್ಲಮ್ಮ ನಿಂತರು. ಆಗ ಅಜ್ಜಿ ಒಂದು ತಪ್ಪು ಮಾಡಿದರು. ನಮ್ಮಲ್ಲಿ ಮೈದಾನಕ್ಕಿಳಿಯುವ ಮೊದಲು ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ರೂಢಿ. ಸಾವಿರಾರು ಮಕ್ಕಳಿಗೆ ಹೇಳಿಕೊಟ್ಟ ಬಾಯಿ ಅದು. ಪಕ್ಕದಲ್ಲಿ ನಿಂತು, ಗೆರೆಯನ್ನು ತೋರಿಸಿ, "ಮೊದ್ಲು ನೆಲ ಮುಟ್ಟಿ ನಮಸ್ಕಾರ ಮಾಡಿ, ಆಮೇಲೆ ಬಲಗಾಲು" ಎಂದರು. ನಾನು ಯೋಚಿಸದೆ ಇಂಗ್ಲಿಷಿನಲ್ಲಿ ಹೇಳಿದೆ. ಆರ್ಡೆಲ್ಲಮ್ಮನ ಮುಖ ಕಲ್ಲಾಯಿತು. "ಈ ಮಣ್ಣಿಗಾ? ಇಲ್ಲ, ಟೀಚರ್. ಇದಕ್ಕೆ ನಾನು ಬಗ್ಗಲ್ಲ" ಎಂದರು. ಒಂದು ಹೆಜ್ಜೆ ಹಿಂದೆ ಸರಿದರು. ಎಲ್ಲ ಮುಗಿಯಿತು, ಇಷ್ಟು ದೂರ ತಂದು ನಾವೇ ಕೆಡಿಸಿದೆವು ಎಂದು ನನಗೆ ಅಳು ಬಂತು. ಒಳಗೆ ನಯೋಮಿಯ ಕೈ ಎದೆಯ ಮೇಲಿತ್ತು.

ಅಜ್ಜಿಗೆ ಆ ಮಾತನ್ನು ನಾನು ಅನುವಾದಿಸಬೇಕಾಗಲಿಲ್ಲ. ಅವರು ಗೇಟಿನ ಒಳಗಿದ್ದ ಕೆಂಪು ನೆಲವನ್ನು ನೋಡಿದರು, ಆರ್ಡೆಲ್ಲಮ್ಮನ ಕಾಲನ್ನು ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೇಟಿನಿಂದ ಈಚೆಗೆ ತಿರುಗಿ, ಬೇಲಿಯ ಹೊರಮೈ ಹಿಡಿದು ನಡೆಯತೊಡಗಿದರು. ಕಳೆ ಮೊಣಕಾಲೆತ್ತರ ಬೆಳೆದಿತ್ತು. ಅಪ್ಪ "ಅತ್ತೆ, ಹುಷಾರು, ಹುಳ ಹುಪ್ಪಟೆ ಇರುತ್ತೆ" ಎಂದರೂ ನಿಲ್ಲಲಿಲ್ಲ. ಚರಂಡಿಯ ಹತ್ತಿರ ಮಣ್ಣು ಕಾಣುವ ಒಂದು ಜಾಗ ಹುಡುಕಿ ಚಪ್ಪಲಿ ಬಿಟ್ಟರು. ನಿಧಾನವಾಗಿ ಬಗ್ಗಿ, ಮಂಡಿಯೂರಿ, ಎರಡೂ ಕೈಗಳಿಂದ ಆ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಒಮ್ಮೆಯಲ್ಲ, ಮತ್ತೊಮ್ಮೆ ಮುಟ್ಟಿದರು. ಆ ಎರಡನೆಯದು ಯಾರಿಗೆಂದು ನನಗೆ ಗೊತ್ತಿತ್ತು, ಆರ್ಡೆಲ್ಲಮ್ಮನಿಗೂ ಗೊತ್ತಿತ್ತು. ಆಮೇಲೆ ಏಳಲು ಹೋದರು, ಆಗಲಿಲ್ಲ. ಮಂಡಿ ಹಿಡಿದುಕೊಂಡಿತ್ತು. ಮೈಕಿನ ಮುಂದೆ ನಿಂತ ಊರಿನ ಹಿರಿಯರೆಲ್ಲ ಕತ್ತು ಚಾಚಿ ನೋಡುತ್ತಿದ್ದರು, ನನ್ನಜ್ಜಿ ಕಳೆಯ ನಡುವೆ ಕೂತು "ಪುಟ್ಟಿ, ಬಾರೆ ಇಲ್ಲಿ!" ಎಂದು ಕೂಗುತ್ತಿದ್ದ ಸದ್ದು ಮೈಕಿಲ್ಲದೆಯೇ ಎಲ್ಲರಿಗೂ ಕೇಳಿಸುತ್ತಿತ್ತು.

ನಾನು ಓಡುವ ಮೊದಲೇ ಆರ್ಡೆಲ್ಲಮ್ಮ ಹೋಗಿದ್ದರು. ಕೋಲನ್ನು ಅಪ್ಪನ ಕೈಗಿತ್ತು, ಒಂದು ಕೈಯಿಂದ ಬೇಲಿಯ ತಂತಿ ಹಿಡಿಯುತ್ತ, ಕಳೆಯನ್ನು ಕಾಲಿನಿಂದ ಸರಿಸುತ್ತ, ತಾವು ಹುಡುಗಿಯಾಗಿ ಓಡಿದ ದಾರಿಯಲ್ಲೇ ನಡೆದು ಹೋದರು. ಅಜ್ಜಿಯ ಮುಂದೆ ನಿಂತು, ಅಷ್ಟುದ್ದದ ಮೈಯನ್ನು ಬಾಗಿಸಿ, ಅವರ ತೋಳಿನ ಕೆಳಗೆ ಕೈ ಹಾಕಿ ಎತ್ತಿ ನಿಲ್ಲಿಸಿದರು. ಅಜ್ಜಿಯ ಹಣೆಗೂ ಬೆರಳಿಗೂ ಮಣ್ಣು ಹತ್ತಿತ್ತು. ಒರೆಸಲು ಹೋದ ನನ್ನ ಕೈಯನ್ನು ಆರ್ಡೆಲ್ಲಮ್ಮ ತಡೆದರು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಗೇಟಿಗೆ ಬಂದರು. ಈ ಸಲ ಆರ್ಡೆಲ್ಲಮ್ಮ ನಿಲ್ಲಲಿಲ್ಲ. ತಲೆ ಎತ್ತಿ, ಬೆನ್ನು ನೆಟ್ಟಗಿಟ್ಟು, ಒಳಗೆ ಕಾಲಿಟ್ಟರು. ಹೂವಿನ ಕುರ್ಚಿಯ ಕಡೆ ತಿರುಗಿಯೂ ನೋಡದೆ ನೇರ ಟ್ರ್ಯಾಕಿನ ಹೊರ ಅಂಚಿಗೆ ಹೋಗಿ, ಬೇಲಿಯ ಮೇಲೆ ಕೈಯಿಟ್ಟರು. ಅದು ಅವರ ಎದೆಗೂ ಬರುತ್ತಿರಲಿಲ್ಲ. ಬಹಳ ಹೊತ್ತು ಆ ಕಡೆಯ ಕಳೆಯನ್ನು ನೋಡುತ್ತ ನಿಂತು, ನಮ್ಮಲ್ಲಿ ಯಾರಿಗೂ ಅಲ್ಲದಂತೆ ಕೇಳಿದರು: "ಇಷ್ಟು ಗಿಡ್ಡ ಇತ್ತಾ ಇದು?" ಆಮೇಲೆ ನಯೋಮಿ ಓಡಿದಳು. ಆರ್ಡೆಲ್ಲಮ್ಮ ಬೇಲಿಗೆ ಬೆನ್ನು ಕೊಟ್ಟು, ಒಳಗಿನಿಂದ, ಕೊನೆಯವರೆಗೂ ನೋಡಿದರು.

ಅಜ್ಜಿ ಮುಂದಿನ ವಾರ ಮೈಸೂರಿಗೆ ಹೋದರು, ಮತ್ತೆ ಬರಲಿಲ್ಲ. ಎರಡು ವರ್ಷದೊಳಗೆ ತೀರಿಕೊಂಡರು. ಆರ್ಡೆಲ್ಲಮ್ಮ ಅದರ ಮುಂದಿನ ಚಳಿಗಾಲದಲ್ಲಿ. ನಾವು ಅದೇ ರಾಜ್ಯದ ಕ್ಲಾರ್ಕ್ಸ್‌ಬರ್ಗಿಗೆ ಮನೆ ಬದಲಿಸಿದೆವು. ಹಳೆಯ ಬೀದಿಯಲ್ಲಿ ಈಗ ಎರಡೂ ಗರಾಜುಗಳ ಬಾಗಿಲುಗಳು ಸದಾ ಇಳಿದಿರುತ್ತವೆ. ಒಳಗೆ ಕಾರುಗಳಿವೆ, ಇರಬೇಕಾದದ್ದೇ. ಅಟ್ಲಾಂಟಾದಿಂದ ಮನೆಗೆ ಹೋಗುವಾಗ ಕಳೆದ ಬೇಸಿಗೆಯಲ್ಲಿ ಹೆದ್ದಾರಿ ಬಿಟ್ಟು ಆ ಊರಿಗೆ ತಿರುಗಿಸಿದೆ. ಮೈದಾನದಲ್ಲಿ ಯಾರೂ ಇರಲಿಲ್ಲ. ಗೇಟಿನ ಪಕ್ಕದಲ್ಲಿ ಅವರ ಹೆಸರಿನ ಫಲಕವಿದೆ, ದೊಡ್ಡ ಅಕ್ಷರ, ಹಿತ್ತಾಳೆ, ಚೆನ್ನಾಗಿ ಉಜ್ಜಿ ಇಟ್ಟಿದ್ದಾರೆ. ಬೇಲಿಯ ಹೊರಗೆ ಏನೂ ಇಲ್ಲ, ಎಂದಿನ ಹಾಗೆ ಕಳೆ, ಚರಂಡಿ. ನಾನು ಫಲಕದ ಮುಂದೆ ಒಂದು ಫೋಟೋ ತೆಗೆದುಕೊಂಡು ಅಮ್ಮನಿಗೆ ಕಳಿಸಿದೆ. ಆಮೇಲೆ ಹೊರಗಿನ ಸುತ್ತನ್ನು ಪೂರ್ತಿ ನಡೆದೆ. ಅವರಿಬ್ಬರು ನನಗೆ ಸಿಗುವುದು ಅಲ್ಲೇ.